ಪ್ರಯಾಣಿಕರಿಲ್ಲದ ದೋಣಿ: ಓತಾಕರೊ ನದಿಯಲ್ಲಿ ಮಾವೊರಿ ವಕ

ಎಲ್ಲರಿಗೂ ನಮಸ್ಕಾರ.

ಮಕ್ಕಳ ಮನೆಗೆಂದು ನ್ಯೂಜಿಲೆಂಡಿಗೆ ಹೋಗಿಬರುವ ಕನ್ನಡಿಗರು ಈಗ ಕಡಿಮೆಯಿಲ್ಲ. ಕ್ರೈಸ್ಟ್‌ಚರ್ಚ್‌ಗೆ ಹೋದವರು ಏವನ್ ನದಿಯನ್ನು ನೋಡದೆ ಬರುವುದು ಕಷ್ಟ, ಏಕೆಂದರೆ ಅದು ಹರಿಯುವುದೇ ನಡುವೂರಿನಲ್ಲಿ. ಅಲ್ಲಿ ಪಂಟ್ ಎಂಬ ಚಪ್ಪಟೆ ತಳದ ದೋಣಿಯಿದೆ. ಹಿಂದೆ ನಿಂತವರು ಉದ್ದನೆಯ ಗಳ ಊರಿ ತಳ್ಳುತ್ತಾರೆ, ನೀವು ಒರಗಿ ಕೂತು ಮರಗಳನ್ನು ನೋಡುತ್ತೀರಿ. ಇವತ್ತಿನ ವಿಷಯ ಅದೇ ನೀರಿನ ಮೇಲಿನ ಬೇರೆ ದೋಣಿ. ಅದು ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ವಕ. ಮಾರ್ಗದರ್ಶಕರ ಜೊತೆ ನೀವೂ ಹತ್ತಬಹುದು, ಆದರೆ ಹತ್ತಿದ ಕೂಡಲೆ ಕೈಗೆ ಹುಟ್ಟು ಬರುತ್ತದೆ. ಅದರಲ್ಲಿ ಪ್ರಯಾಣಿಕರ ಜಾಗ ಅಂತ ಒಂದಿಲ್ಲ. ಹಣ ಕೊಟ್ಟು ಬಂದವರೂ ಹುಟ್ಟಾಳುಗಳೇ. ಇಷ್ಟನ್ನು ಮೊದಲೇ ತಿಳಿದು ಹೋದವರಿಗೆ ಆ ಒಂದು ಗಂಟೆ ದಕ್ಕುತ್ತದೆ. ತಿಳಿಯದೆ ಹೋದವರು ತೋಳು ನೋಯಿಸಿಕೊಂಡು, ನಾಲ್ಕು ಫೋಟೊ ಹಿಡಿದುಕೊಂಡು ವಾಪಸಾಗುತ್ತಾರೆ.

ಮೊದಲು ಹೆಸರಿನ ವಿಷಯ. ಏವನ್ ಅಂದರೆ ಶೇಕ್ಸ್‌ಪಿಯರ್ ಊರಿನ ನದಿಯ ನೆನಪಿಗೆ ಇಟ್ಟದ್ದು ಎಂದು ತುಂಬ ಜನ ನಂಬಿದ್ದಾರೆ. ಅದು ಸರಿಯಲ್ಲ. 1843ರಲ್ಲಿ ಕ್ರೈಸ್ಟ್‌ಚರ್ಚ್‌ನ ರಿಕರ್ಟನ್‌ನಲ್ಲಿ ಬೇಸಾಯಕ್ಕೆ ಕೂತ ಡೀನ್ಸ್ ಸಹೋದರರು ಸ್ಕಾಟ್ಲೆಂಡಿನ ತಮ್ಮ ಸೀಮೆಯ ಒಂದು ಏವನ್ ತೊರೆಯ ಹೆಸರನ್ನು ಇಲ್ಲಿಗೆ ತಂದರು. ಅದಕ್ಕೂ ಎಷ್ಟೋ ಹಿಂದಿನ ಹೆಸರು ಓತಾಕರೊ. ಆಟದ ತಾಣ ಎಂದು ಅರ್ಥ. ದೊಡ್ಡವರು ದಡದಲ್ಲಿ ಆಹಾರ ಕೂಡಿಹಾಕುವ ಕೆಲಸದಲ್ಲಿರುವಾಗ ಮಕ್ಕಳು ಆಡುತ್ತಿದ್ದ ಜಾಗ ಇದು. ಇವತ್ತು ನದಿಯ ಅಧಿಕೃತ ಹೆಸರಿನಲ್ಲಿ ಎರಡೂ ಸೇರಿವೆ.

ಈ ಹೆಸರುಗಳನ್ನು ಸರಿಯಾಗಿ ಉಚ್ಚರಿಸಲು ಕನ್ನಡಿಗರಿಗೆ ಹೆಚ್ಚು ಕಷ್ಟವಿಲ್ಲ. ಮಾವೊರಿ ಭಾಷೆಯಲ್ಲಿರುವುದು ಐದು ಸ್ವರ, ಪ್ರತಿಯೊಂದಕ್ಕೂ ಹ್ರಸ್ವ ಮತ್ತು ದೀರ್ಘ. ಅ ಆ, ಇ ಈ, ಉ ಊ, ಎ ಏ, ಒ ಓ. ಇಂಗ್ಲಿಷ್ ಬರಹದಲ್ಲಿ ಅಕ್ಷರದ ತಲೆಯ ಮೇಲೆ ಗೆರೆ ಕಂಡರೆ ಅದು ದೀರ್ಘ. ಪ್ರತಿ ಉಚ್ಚಾರಾಂಶವೂ ಸ್ವರದಲ್ಲೇ ಮುಗಿಯುತ್ತದೆ. ಶಾಲೆಯಲ್ಲಿ ತಿದ್ದಿ, ಆಮೇಲೆ ಬಳಸದೆ ಬಿಟ್ಟ ಙ ಅಕ್ಷರ ಅಲ್ಲಿ ಪದದ ಮೊದಲಲ್ಲೇ ಬರುತ್ತದೆ. ಈ ಸೀಮೆಯ ಬುಡಕಟ್ಟಿನ ಹೆಸರೇ ಙಾಯ್ ತಾಹು. ದಕ್ಷಿಣದ ಉಪಭಾಷೆಯಲ್ಲಿ ಆ ಙ ಹೋಗಿ ಕ ಆಗುತ್ತದೆ, ಆಗ ಕಾಯ್ ತಾಹು. ಎರಡೂ ಕಿವಿಗೆ ಬೀಳುತ್ತವೆ, ಗಲಿಬಿಲಿ ಬೇಡ. ಹುಟ್ಟಿಗೆ ಅಲ್ಲಿ ಹೊಯೆ ಎನ್ನುತ್ತಾರೆ. ಹುಟ್ಟು ಹಾಕುವವರು ಕೈಹೊಯೆ. ನಮ್ಮ ಕೈಗೂ ಹೊಯ್ಯುವುದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ, ಬರೀ ಆಕಸ್ಮಿಕ. ಆದರೂ ನೆನಪಿಟ್ಟುಕೊಳ್ಳಲು ಒಳ್ಳೆಯ ಆಸರೆ.

ಆಹಾರ ಕೂಡಿಹಾಕುವ ಜಾಗಗಳಿಗೆ ಮಾವೊರಿಯಲ್ಲಿ ಮಹಿಙ ಕೈ ಎಂಬ ಮಾತಿದೆ. ದೋಣಿಯಲ್ಲಿ ಮಾರ್ಗದರ್ಶಕರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ, ಅದಕ್ಕೆ ಕಾರಣವಿದೆ. 1848ರ ಕೆಂಪ್ ಕರಾರಿನಲ್ಲಿ ಬ್ರಿಟಿಷ್ ಆಡಳಿತ ಙಾಯ್ ತಾಹು ಜನರಿಂದ ಸುಮಾರು 2 ಕೋಟಿ ಎಕರೆ ನೆಲವನ್ನು 2,000 ಪೌಂಡಿಗೆ ಕೊಂಡಿತು. ವಾಸದ ನೆಲೆಗಳನ್ನೂ ಮಹಿಙ ಕೈ ಜಾಗಗಳನ್ನೂ ಅವರಿಗೇ ಬಿಡುವುದಾಗಿ ಕರಾರಿನಲ್ಲಿತ್ತು. ಆ ಮಾತು ನಡೆಯಲಿಲ್ಲ. ಮರುವರ್ಷವೇ ಶುರುವಾದ ಅಹವಾಲು ಕಾನೂನಾಗಿ ತೀರ್ಮಾನವಾದದ್ದು 1998ರಲ್ಲಿ. ಎಂದರೆ, ನೀವು ಹುಟ್ಟು ಹಾಕುತ್ತ ಸಾಗುವ ಆ ಪುಟ್ಟ ನದಿ ಒಂದೂವರೆ ಶತಮಾನ ವಾದ ನಡೆದ ಸ್ವತ್ತಿನ ಭಾಗ. ಈಲ್ ಮೀನು, ಪಾತಿಕಿ ಎಂಬ ಚಪ್ಪಟೆ ಮೀನು, ಈನಙ ಎಂಬ ಬೆರಳುದ್ದದ ಮೀನು ಇವೆಲ್ಲ ಇಲ್ಲಿನ ಊಟ. ಈಲ್‌ಗೆ ತುನ ಎಂದು ಹೆಸರು. ಉದ್ದ ರೆಕ್ಕೆಯ ತುನ ನ್ಯೂಜಿಲೆಂಡ್ ಬಿಟ್ಟು ಬೇರೆಲ್ಲೂ ಇಲ್ಲ. ದಶಕಗಟ್ಟಲೆ ಸಿಹಿನೀರಿನಲ್ಲಿ ಬದುಕಿ, ಮೊಟ್ಟೆಯಿಡಲು ಒಂದೇ ಒಂದು ಸಲ ಉತ್ತರದ ಬೆಚ್ಚನೆಯ ಕಡಲಿಗೆ ಈಜಿಹೋಗಿ ಅಲ್ಲೇ ಸಾಯುತ್ತದೆ. ದೋಣಿಯ ಪಕ್ಕದಲ್ಲಿ ತೋಳಷ್ಟು ದಪ್ಪದ ಕಪ್ಪು ಮೈ ಜಾರಿಹೋದರೆ ಬೆಚ್ಚಬೇಡಿ, ಹಾವಲ್ಲ. ಆ ದೇಶದ ನೆಲದಲ್ಲಿ ಹಾವೇ ಇಲ್ಲ.

ಇನ್ನು ವಕ. ದಕ್ಷಿಣ ದ್ವೀಪಕ್ಕೆ ಇರುವ ಒಂದು ಹೆಸರು ತೆ ವಕ ಓ ಔರಕಿ, ಔರಕಿಯ ದೋಣಿ. ಆಕಾಶ ತಂದೆಯ ಮಗ ಔರಕಿ ತಮ್ಮಂದಿರೊಂದಿಗೆ ದೋಣಿಯಲ್ಲಿ ಇಳಿದುಬಂದ. ಹಿಂದಿರುಗುವಾಗ ದೋಣಿಯನ್ನು ಮೇಲೆತ್ತಬೇಕಿದ್ದ ಮಂತ್ರ ತಪ್ಪಿತು. ದೋಣಿ ಬಂಡೆಗೆ ಸಿಕ್ಕಿ ಒಂದು ಬದಿಗೆ ವಾಲಿತು. ಅಣ್ಣತಮ್ಮಂದಿರು ಎತ್ತರದ ಬದಿಗೆ ಹತ್ತಿ ಕೂತರು, ಕೂತಲ್ಲೇ ಕಲ್ಲಾದರು. ದೋಣಿ ದ್ವೀಪವಾಯಿತು, ಅವರು ಬೆಟ್ಟಗಳಾದರು. 3,724 ಮೀಟರ್ ಎತ್ತರದ ಔರಕಿ ಶಿಖರವೇ ದೊಡ್ಡಣ್ಣ. ಈ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ದೋಣಿ ವಾಲುವ ಮಾತು ಬಂದಾಗ ಬೇಕಾಗುತ್ತದೆ.

ವಕ ಅಂದಕೂಡಲೆ ಕಣ್ಣಿಗೆ ಬರುವುದು ಕೆತ್ತನೆ ತುಂಬಿದ ಯುದ್ಧದೋಣಿ, ವಕ ತೌಅ. ಉತ್ತರ ದ್ವೀಪದ ವೈತಙಿಯಲ್ಲಿರುವ ಙಾ ತೊಕಿ ಮತಫೌರುಅ 1940ರಲ್ಲಿ ನೀರಿಗಿಳಿದದ್ದು, 35 ಮೀಟರ್ ಮೀರಿದ ಉದ್ದ, ನಡೆಸಲು 76 ಜನರಾದರೂ ಬೇಕು. ವೈಕತೊ ನದಿಯ ದಡದ ಙಾರುಅವಾಹಿಯ ದೋಣಿ ಉತ್ಸವದಲ್ಲಿ ಇಂಥವು ಸಾಲಾಗಿ ಬರುತ್ತವೆ. ಓತಾಕರೊ ಅಂಥ ದೋಣಿಯ ನದಿಯಲ್ಲ. ನಡುವೂರಿನಲ್ಲಿ ಅದು ಕಿರಿದು, ಅನೇಕ ಕಡೆ ಆಳ ಮೊಣಕಾಲಿನಿಂದ ಸೊಂಟದವರೆಗೆ ಅಷ್ಟೆ. ಇಂಥ ನೀರಿಗೆ ತಕ್ಕದ್ದು ಒಂದೇ ಮರದ ದಿಮ್ಮಿ ಕೊರೆದ ಸಾದಾ ವಕ ತೀವೈ, ಇಲ್ಲವೆ ಮೋಕಿಹಿ. ಮೋಕಿಹಿ ಎಂದರೆ ಜೊಂಡಿನ ತೆಪ್ಪ. ರೌಪೋ ಎಂಬ ಜೊಂಡನ್ನು ಕಟ್ಟುಕಟ್ಟಾಗಿ ಒಣಗಿಸಿ, ನಮ್ಮ ಕತ್ತಾಳೆಯಂತೆ ನಾರು ಕೊಡುವ ಹರಕೆಕೆಯ ಎಲೆಯಿಂದ ಬಿಗಿದು ಮಾಡುತ್ತಿದ್ದರು. ಒಳನಾಡಿನಿಂದ ಆಹಾರ ಹೇರಿಕೊಂಡು ಹೊಳೆ ಇಳಿದು ಬಂದ ಮೇಲೆ ಅದರ ಕೆಲಸ ಮುಗಿಯಿತು. ಜೊಂಡು ನೀರು ಕುಡಿದು ಭಾರವಾಗುವುದರಿಂದ ಒಂದು ಪಯಣಕ್ಕೆ ಒಂದು ಮೋಕಿಹಿ.

ದೋಣಿಯ ಭಾಗಗಳ ನಾಲ್ಕಾರು ಹೆಸರು ಗೊತ್ತಿದ್ದರೆ ಮಾರ್ಗದರ್ಶಕರ ಮಾತು ಹಿಡಿಯುವುದು ಸುಲಭ. ಮುಂದಿನ ಮೂತಿ ತೌಇಹು. ಹಿಂದೆ ಎತ್ತರಕ್ಕೆ ನಿಂತ ಕಂಬ ತೌರಪ. ಬದಿಯ ಎತ್ತರ ಹೆಚ್ಚಿಸಲು ಹುರಿಯಿಂದ ಬಿಗಿದ ಹಲಗೆ ರೌಅವ. ಅಡ್ಡಹಲಗೆ ತೌಮನು, ಎರಡು ಬದಿ ಅಗಲದಂತೆ ಹಿಡಿದಿಡುವುದೂ ಅದೇ. ಮರದ ಹಳೆಯ ದೋಣಿಗಳಲ್ಲಿ ರೌಅವ ಮತ್ತು ಒಡಲಿನ ನಡುವಿನ ಸಂದಿಗೆ ರೌಪೋ ತೆನೆಯ ಹತ್ತಿಯಂಥ ನವಿರನ್ನು ತುಂಬುತ್ತಿದ್ದರು. ಎಷ್ಟು ತುಂಬಿದರೂ ಸ್ವಲ್ಪ ನೀರು ಜಿನುಗುತ್ತದೆ, ಅದನ್ನು ಮೊಗೆದು ಚೆಲ್ಲಲು ಹಿಡಿ ಒಳಕ್ಕೆ ತಿರುಗಿದ ಮರದ ಮೊಗೆಯಿರುತ್ತಿತ್ತು. ಈಗ ಪ್ರವಾಸಿಗರನ್ನು ಕೂರಿಸುವ ಎಷ್ಟೋ ವಕಗಳ ಒಡಲು ಫೈಬರ್‌ಗ್ಲಾಸ್‌ನದು. ಇದು ನಕಲಿ ಎಂದು ಮೂಗು ಮುರಿಯಬಾರದು. ದೋಣಿಗೆ ತಕ್ಕ ದೊಡ್ಡ ತೋತರ ಮರಗಳು ಈಗ ಅಪರೂಪ, ಒಂದನ್ನು ಕಡಿಯುವ ಮೊದಲು ಕಾಡಿನ ದೇವರು ತಾನೆಯ ಅಪ್ಪಣೆ ಕೇಳಬೇಕು ಎಂಬ ನಡಾವಳಿ ಇವತ್ತಿಗೂ ಇದೆ. ದಿನಾ ನಾಲ್ಕು ಸಲ ದಡಕ್ಕೆ ತಾಗುವ ದೋಣಿಗೆ ಅಂಥ ಮರ ಬಳಸದಿರುವುದೇ ಸರಿ.

ದಡದ ಮೇಲೆ ಏನೇನು ನಡೆಯುತ್ತದೆ? ಮೊದಲು ಮಿಹಿ, ಸ್ವಾಗತದ ಮಾತು. ಹೇಳುವವರು ತಮ್ಮ ಹೆಸರಿಗಿಂತ ಮೊದಲು ತಮ್ಮ ಬೆಟ್ಟ, ತಮ್ಮ ನದಿ, ತಮ್ಮ ಹಿರಿಯರು ಬಂದ ವಕದ ಹೆಸರು ಹೇಳುತ್ತಾರೆ. ನಿಮ್ಮನ್ನೂ ಕೇಳಬಹುದು. ಊರು ಬೆಂಗಳೂರು ಎಂದಷ್ಟೇ ಹೇಳಿ ನಿಲ್ಲಿಸಬೇಡಿ. ಕಾವೇರಿಯವರು ಕಾವೇರಿ ಎನ್ನಿ, ತುಂಗೆಯವರು ತುಂಗೆ ಎನ್ನಿ, ಮಲಪ್ರಭೆ, ಶರಾವತಿ, ಯಾವುದಿದೆಯೋ ಅದು. ಕೇಳುವವರಿಗೆ ಅದರಿಂದ ನೀವು ಯಾರೆಂದು ತಿಳಿಯುತ್ತದೆ. ಹಣೆ ಮೂಗು ತಾಗಿಸುವ ಹೊಙಿಗೆ ಕರೆದರೆ ಕಣ್ಣು ತಗ್ಗಿಸಿ ಮೆಲ್ಲನೆ ಒತ್ತಿ, ಉಸಿರು ಹಂಚಿಕೊಳ್ಳುವುದು ಅದರ ಅರ್ಥ. ಸಂಕೋಚವಾದರೆ ಕೈ ಮುಗಿಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಆಮೇಲೆ ಕರಕಿಯ, ಪ್ರಾರ್ಥನೆ. ಆ ಹೊತ್ತಿಗೆ ಮೊಬೈಲ್ ಚೀಲದೊಳಗಿರಲಿ, ಬಾಯಲ್ಲಿ ಏನೂ ಇರಬಾರದು. ಔರಕಿಯ ದೋಣಿ ಸಿಕ್ಕಿಹಾಕಿಕೊಂಡದ್ದೇ ಮಂತ್ರ ತಪ್ಪಿದ್ದಕ್ಕೆ ಎಂದು ಗೊತ್ತಿದ್ದವರು ಆ ಎರಡು ನಿಮಿಷ ಸುಮ್ಮನಿರುತ್ತಾರೆ.

ನಡಾವಳಿಗೆ ತಿಕಙ ಎನ್ನುತ್ತಾರೆ. ಹುಟ್ಟನ್ನು ದಾಟಬೇಡಿ, ಅದರ ಮೇಲೆ ಕೂರಬೇಡಿ. ನಮ್ಮಲ್ಲಿ ಪುಸ್ತಕವನ್ನೋ ಪೊರಕೆಯನ್ನೋ ದಾಟುವುದಿಲ್ಲವಲ್ಲ, ಹಾಗೆ. ವಕದಲ್ಲಿ ತಿನ್ನಬೇಡಿ, ಅನ್ನ ಮುಟ್ಟಿದರೆ ತಪು, ಅಂದರೆ ಅದರ ಮಡಿ, ಮುರಿಯುತ್ತದೆ. ಮೂತಿಯ ಕೆತ್ತನೆಯ ಮೇಲೆ ಕಾಲಿಡಬೇಡಿ. ಇನ್ನೊಬ್ಬರ ತಲೆ ಮುಟ್ಟಬೇಡಿ, ಮಕ್ಕಳದ್ದೂ ಸಹ.

ಈಗ ಕೈಗೆ ಹುಟ್ಟು ಬಂತು. ದೋಣಿಯ ಅಂಚಿಗೆ ಸೊಂಟ ತಾಗುವಷ್ಟು ಹೊರಕ್ಕೆ ಸರಿದು ಕೂರಿ, ನಡುವೆ ಕೂತರೆ ಹುಟ್ಟು ನೀರಿಗೆ ಓರೆಯಾಗಿ ಬೀಳುತ್ತದೆ. ಪಾದ ಎರಡೂ ತಳಕ್ಕೆ ಊರಿರಬೇಕು. ಮೇಲಿನ ಕೈ ಕೋಲಿನ ತುದಿಯ ಗುಬುಟನ್ನು ಮೇಲಿಂದ ಮುಚ್ಚಿ ಹಿಡಿಯಲಿ. ಕೆಳಗಿನ ಕೈ ಅಲಗು ಶುರುವಾಗುವ ಜಾಗಕ್ಕಿಂತ ನಾಲ್ಕು ಬೆರಳು ಮೇಲಿರಲಿ. ಎರಡು ಕೈಯಲ್ಲೂ ಕೋಲನ್ನು ಬಡಿಗೆಯಂತೆ ಹಿಡಿಯುವುದು ಮೊದಲ ಸಲದವರ ಸಾಮಾನ್ಯ ತಪ್ಪು. ಹಾಗೆ ಹಿಡಿದರೆ ಅಲಗು ನೀರಿನಲ್ಲಿ ತಿರುಚಿಕೊಳ್ಳುತ್ತದೆ.

ಹೊಡೆತಕ್ಕೆ ನಾಲ್ಕು ಘಟ್ಟ. ಸೊಂಟದಿಂದ ಮುಂದಕ್ಕೆ ಬಾಗಿ, ಹುಟ್ಟಿನ ಕಡೆಯ ಭುಜವನ್ನು ಮುಂದೆ ಚಾಚಿ. ಅಲಗನ್ನು ಸದ್ದಿಲ್ಲದೆ ಪೂರ್ತಿ ಮುಳುಗಿಸಿ. ಬೆನ್ನು ನೆಟ್ಟಗಾಗುತ್ತ ಎಳೆಯಿರಿ. ಅಲಗು ನಿಮ್ಮ ಸೊಂಟದ ನೇರಕ್ಕೆ ಬಂದಕೂಡಲೆ ಪಕ್ಕಕ್ಕೆ ಎತ್ತಿಬಿಡಿ. ಸೊಂಟ ದಾಟಿ ಎಳೆದರೆ ಹೆಚ್ಚು ಕೆಲಸವಾದಂತೆ ಅನ್ನಿಸುತ್ತದೆ, ಆದರೆ ಅಲ್ಲಿಂದಾಚೆ ಅಲಗು ನೀರನ್ನು ಹಿಂದಕ್ಕೆ ತಳ್ಳುವುದಿಲ್ಲ, ಮೇಲಕ್ಕೆ ಎತ್ತುತ್ತದೆ. ಅಷ್ಟೇ ಬಲದಿಂದ ದೋಣಿ ಕೆಳಕ್ಕೆ ಜಗ್ಗುತ್ತದೆ, ವೇಗ ಕುಸಿಯುತ್ತದೆ. ಅಲಗು ಅರ್ಧ ಮುಳುಗಿದ್ದಾಗ ಎಳೆಯಲು ಶುರುಮಾಡಿದರೆ ಗಾಳಿ ಒಳಸೇರಿ ಬಳಬಳ ಸದ್ದು, ಹಿಂದಿನವರ ಮುಖಕ್ಕೆ ನೀರು. ಬರೀ ತೋಳಿನಿಂದ ಎಳೆದವರ ಭುಜ ಹತ್ತು ನಿಮಿಷಕ್ಕೇ ಸೋಲುತ್ತದೆ. ಬೆನ್ನು ಸೊಂಟದಿಂದ ಎಳೆದವರು ಗಂಟೆಗಟ್ಟಲೆ ಹಾಕಬಲ್ಲರು, ಎಪ್ಪತ್ತರ ಪ್ರಾಯದವರೂ.

ಇದಕ್ಕಿಂತ ಮುಖ್ಯವಾದದ್ದು ತಾಳ. ಹೊಸಬರಿಗೆ ನಿಮಿಷಕ್ಕೆ 30ರಿಂದ 40 ಹೊಡೆತ ಸಾಕು. ತಾಳ ಹೇಳುವವರು ಕೈಹೌತೂ. "ಕಿಯ ರಿತೆ" ಅಂದರೆ ಸಿದ್ಧರಾಗಿ, ಒಟ್ಟಾಗಿರಿ. ಆಗ ಎಲ್ಲರ ಹುಟ್ಟೂ ನೀರಿನ ಮೇಲೆ ಚಾಚಿ ನಿಂತಿರಬೇಕು. "ಹೊಯೆಯ" ಅಂದಾಗ ಮೊದಲ ಹೊಡೆತ. ಎಣಿಕೆ ತಹಿ, ರುಅ, ತೊರು, ಫಾ. ಮುಂದಿನ ಜೋಡಿ ಕೈಹೌತೂವಿನ ಮಾತು ಕೇಳಿ ಹೊಡೆಯುತ್ತದೆ. ಉಳಿದವರು ನೋಡಬೇಕಾದ್ದು ಮುಂದೆ ಕೂತವರ ಭುಜವನ್ನು. ತಮ್ಮ ಅಲಗನ್ನು ನೋಡುತ್ತ ಕೂತವರು ಕಾಲು ಕ್ಷಣ ಹಿಂದಾಗುತ್ತಾರೆ, ಅಷ್ಟು ಸಾಕು, ಹುಟ್ಟಿಗೆ ಹುಟ್ಟು ಬಡಿಯುತ್ತದೆ. ಕಟ್ಟುಮಸ್ತಾದ ಆರು ಜನ ಒಬ್ಬೊಬ್ಬರು ಒಂದೊಂದು ಲಯದಲ್ಲಿ ಹಾಕಿದರೆ ದೋಣಿ ಅಲ್ಲೇ ತೊನೆಯುತ್ತದೆ. ಸಾಧಾರಣ ಮೈಕಟ್ಟಿನ ಆರು ಜನ ಒಂದೇ ಕ್ಷಣಕ್ಕೆ ಅಲಗು ಇಳಿಸಿದರೆ ಮೂತಿ ಕೊಂಚ ಎದ್ದು ಸರ್ರನೆ ಮುಂದೆ ಹಾಯುತ್ತದೆ. ಮೊದಲ ಬಾರಿಗೆ ಹಾಗಾದಾಗ ಇಡೀ ದೋಣಿಗೆ ಗೊತ್ತಾಗುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ನಾವೆಲ್ಲ ಕೋಲಾಟದಲ್ಲಿ, ಒನಕೆ ಹಾಡಿನಲ್ಲಿ ಕಂಡದ್ದು ಇದೇ ಗುಟ್ಟು.

ದಿಕ್ಕು ನೋಡಿಕೊಳ್ಳುವುದು ಹಿಂದೆ ಕೂತ ಮಾರ್ಗದರ್ಶಕರ ಕೆಲಸ. ದೋಣಿ ಎಡಕ್ಕೆ ಹೊರಳಿದರೆ ನೀವಾಗಿ ತಿದ್ದಲು ಹೋಗಬೇಡಿ. ಒಂದು ಬದಿಯವರನ್ನು ನಿಲ್ಲಿಸಿಯೋ ತಮ್ಮ ಹುಟ್ಟನ್ನು ಒತ್ತಿಯೋ ಅವರೇ ಸರಿಮಾಡುತ್ತಾರೆ. ಇಬ್ಬರು ಚುಕ್ಕಾಣಿ ಹಿಡಿದರೆ ದೋಣಿ ಪೊದೆಗೆ. ನಿಲ್ಲಿಸಿ ಅಂದಾಗ ಅಲಗನ್ನು ನೆಟ್ಟಗೆ ನೀರಿಗಿಳಿಸಿ ಬಿಗಿಯಾಗಿ ಹಿಡಿಯಿರಿ.

ಎಡವಟ್ಟಾಗುವುದು ಎಲ್ಲಿ ಎಂದು ಗೊತ್ತಿರಲಿ. ಎಲ್ಲಕ್ಕಿಂತ ಹೆಚ್ಚು ಆಗುವುದು ಹತ್ತುವಾಗ ಮತ್ತು ಇಳಿಯುವಾಗ. ಬೆನ್ನು ಬಾಗಿಸಿ, ಎರಡು ಕೈಯಲ್ಲಿ ಅಂಚು ಹಿಡಿದು, ಪಾದವನ್ನು ದೋಣಿಯ ನಡುಗೆರೆಯ ಮೇಲಿಡಿ. ಒಬ್ಬರು ಕೂರುವ ತನಕ ಇನ್ನೊಬ್ಬರು ಏಳಬಾರದು. ದಡದ ಹಲಗೆಗೆ ದೋಣಿ ತಾಗುವ ಹೊತ್ತಿಗೆ ಬೆರಳು ಅಂಚಿನ ಹೊರಗಿದ್ದರೆ ಜಜ್ಜಿಹೋಗುತ್ತವೆ. ದಡದ ವಿಲೋ ಮರದ ಕೊಂಬೆ ಮುಖಕ್ಕೆ ಬಂದರೆ ಬಗ್ಗಿ, ಹಿಡಿಯಬೇಡಿ. ಹಿಡಿದರೆ ದೋಣಿ ಮುಂದೆ ಹೋಗುತ್ತದೆ, ನೀವು ಕೊಂಬೆಯ ಜೊತೆ ಉಳಿಯುತ್ತೀರಿ. ತಳಕ್ಕೆ ಹುಟ್ಟು ಊರಿ ತಳ್ಳಬೇಡಿ, ತೆಳ್ಳನೆಯ ಮರದ ಅಲಗಿನ ತುದಿ ಸೀಳುತ್ತದೆ. ದೋಣಿ ಒಂದು ಬದಿಗೆ ವಾಲಿದಾಗ ಎಲ್ಲರಿಗೂ ಬರುವ ಬುದ್ಧಿ ಎದ್ದು ಎತ್ತರದ ಬದಿಗೆ ಹೋಗುವುದು. ಔರಕಿಯ ತಮ್ಮಂದಿರು ಮಾಡಿದ್ದೂ ಅದನ್ನೇ. ಎದ್ದಷ್ಟೂ ಭಾರದ ಕೇಂದ್ರ ಮೇಲೇರಿ ದೋಣಿ ಇನ್ನಷ್ಟು ಅಸ್ಥಿರ. ಕೂತಲ್ಲೇ ಕೂತು, ಅಲಗನ್ನು ನೀರಿನ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿಯುವುದು ಮದ್ದು.

ಮಗುಚಿದರೂ ಈ ನದಿಯಲ್ಲಿ ಆಳ ಕಡಿಮೆ, ಲೈಫ್ ಜಾಕೆಟ್ ಮೈಮೇಲಿರುತ್ತದೆ. ತೊಂದರೆ ಕೊಡುವುದು ಚಳಿ. ಓತಾಕರೊ ಊಟೆಗಳಿಂದ ಹುಟ್ಟುವ ನದಿ. ನೆಲದಡಿಯಿಂದ ಬರುವ ನೀರು ಬೇಸಗೆಯಲ್ಲೂ ತಣ್ಣಗೆ. ಬಿದ್ದಕೂಡಲೆ ಉಸಿರು ಸಿಕ್ಕಿದಂತಾಗುತ್ತದೆ. ಮೊದಲು ಮಲಗಿ ತೇಲಿ, ಉಸಿರು ಹದಕ್ಕೆ ಬರಲಿ, ದೋಣಿಯನ್ನು ಬಿಡಬೇಡಿ, ಆಮೇಲೆ ಮೆಲ್ಲನೆ ನಿಲ್ಲಿ. ತಳದಲ್ಲಿ ಹೂಳಿದೆ, ಕಾಲು ಹೂತುಕೊಳ್ಳಬಹುದು. 2011ರ ಫೆಬ್ರುವರಿ 22ರ ಭೂಕಂಪ 185 ಜನರನ್ನು ಬಲಿ ತೆಗೆದುಕೊಂಡಿತು. ಆಗ ನೆಲ ಕುದಿದಂತೆ ಕೆಸರುಮರಳು ಮೇಲೆ ಉಕ್ಕಿ ಈ ನದಿಗೂ ಬಂದು ಬಿತ್ತು, ಒಡೆದ ಒಳಚರಂಡಿಯೂ ಸೇರಿತು. ಬಲಿಯಾದವರ ಹೆಸರುಗಳಿರುವ ಸ್ಮಾರಕದ ಗೋಡೆ ನದಿಯ ದಡದಲ್ಲೇ ಇದೆ. ಅದರ ಮುಂದೆ ಹಾಯುವಾಗ ಮಾತು, ಹಾಡು ನಿಲ್ಲಿಸಿ.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೀನ್ಸ್ ಬೇಡ, ನೆನೆದರೆ ಒಣಗುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ, ಹಿಂದೆ ಪಟ್ಟಿಯಿರುವ ಹಳೆಯ ಚಪ್ಪಲಿ, ಕನ್ನಡಕಕ್ಕೆ ದಾರ. ಸೀರೆಯವರು ಅಂದು ಚೂಡಿದಾರಕ್ಕೆ ಬದಲಾಯಿಸಿಕೊಳ್ಳಿ, ದುಪಟ್ಟಾ ದಡದಲ್ಲೇ ಇರಲಿ. ಉಂಗುರ ತೆಗೆದಿಡಿ, ಅದರ ಬುಡದಲ್ಲೇ ಬೊಬ್ಬೆ ಏಳುವುದು. ಅಲ್ಲಿ ಬೇಸಗೆ ಅಂದರೆ ಡಿಸೆಂಬರ್‌ನಿಂದ ಫೆಬ್ರುವರಿ. ಗಾಳಿ ತಂಪಾಗಿದ್ದರೂ ಬಿಸಿಲಿನ ಅತಿನೇರಳೆ ಕಿರಣ ನಮ್ಮ ಅಂದಾಜಿಗಿಂತ ಕಟು, ಕಂದು ಮೈಯವರೂ ಸನ್‌ಸ್ಕ್ರೀನ್ ಹಚ್ಚಲೇಬೇಕು. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಪೂರ್ವದ ಗಾಳಿ ಬೀಸುವುದು ಹೆಚ್ಚು, ಬೆಳಗಿನ ಹೊತ್ತು ಒಳ್ಳೆಯದು. ಜೋರು ಮಳೆಯಾದ ಮರುದಿನ ಹೋಗಬೇಡಿ, ರಸ್ತೆ ತೊಳೆದ ನೀರೆಲ್ಲ ನದಿ ಸೇರಿರುತ್ತದೆ. ಇನ್ನೊಂದು ಮಾತು. ಆ ದೇಶದ ರಸ್ತೆಯಲ್ಲಿ ವಾಹನ ನಮ್ಮಂತೆ ಎಡಕ್ಕೆ, ನೀರಿನಲ್ಲಿ ದೋಣಿ ಬಲಕ್ಕೆ. ಎದುರಿನಿಂದ ಪಂಟ್ ಬಂದಾಗ ಗಾಬರಿಯಾಗುವವರು ಇದನ್ನು ಮರೆತವರು.

ಸಮಯವಿದ್ದರೆ ಹತ್ತುವ ಮೊದಲು ದಡದಲ್ಲಿ ನಡೆದು ಬನ್ನಿ. ಅಲ್ಲಿ 13 ಕಡೆ ನೆಲಗಟ್ಟಿನಲ್ಲಿ ಚಾಪೆಯ ನೇಯ್ಗೆಯ ವಿನ್ಯಾಸಗಳನ್ನು ಕಲ್ಲಿನಲ್ಲಿ ಹಾಸಿದ್ದಾರೆ. ಙಾಯ್ ತಾಹು ನೇಕಾರ ಹೆಂಗಸರ ವಿನ್ಯಾಸ. ಅತಿಥಿಯನ್ನು ಬರಮಾಡಿಕೊಳ್ಳುವ ಕ್ರಮದಲ್ಲೇ ಒಂದಾದ ಮೇಲೊಂದು ಬರುತ್ತವೆ. ನೀರಿನಲ್ಲಿ ಕೂತವರಿಗೆ ಅವು ಕಾಣುವುದಿಲ್ಲ.

ದಡ ಸೇರಿದ ಮೇಲೆ ಹೇಳುವ ತನಕ ಏಳಬೇಡಿ. ಒಬ್ಬೊಬ್ಬರಾಗಿ ಇಳಿಯುವಾಗ ಉಳಿದವರು ಅಲಗು ನೀರಿನಲ್ಲಿಟ್ಟು ದೋಣಿಯನ್ನು ಅಲುಗದಂತೆ ಹಿಡಿದಿರಬೇಕು. ಹುಟ್ಟನ್ನು ಎಸೆಯದೆ ಕೈಯಿಂದ ಕೈಗೆ ಕೊಡಿ. ದೋಣಿಯನ್ನು ಮೇಲೆಳೆಯಲು, ತಳದ ನೀರು ಚೆಲ್ಲಲು ನಿಮ್ಮನ್ನೂ ಕರೆಯುತ್ತಾರೆ, ಹೋಗಿ. ಮುಕ್ತಾಯದ ಕರಕಿಯ ಆದಮೇಲೆ ಕೈ ತೊಳೆಯಿರಿ, ನದಿಯ ನೀರಿನ ಕಾರಣಕ್ಕೂ ಹೌದು, ತಪು ಬಿಟ್ಟು ಹೊರಬರುವ ನಡಾವಳಿಗೂ ಹೌದು. ನಂತರ ಚಹಾ, ಬಿಸ್ಕತ್ತು ಬರುತ್ತದೆ. ಹಸಿವಿಲ್ಲ ಎಂದು ತಳ್ಳಬೇಡಿ. ಒಂದು ತುಂಡಾದರೂ ಬಾಯಿಗೆ ಹಾಕಿ. ಬೆಳಗಿನ ಕರಕಿಯದಿಂದ ನಿಮ್ಮ ಮೇಲಿದ್ದ ತಪು ಇಳಿಯುವುದು ಆ ತುತ್ತಿನಿಂದ.